ಹಟ್ಟಿಯಲ್ಲಿ ಕಟ್ಟಿದ ರಕ್ತ

"ನಿನ್ನ ಮನೇಗೆ ರಕ್ತ ಬೇಕಾದ ದಿನ ನಮ್ಮನೆ ಬಾಗ್ಲಿಗೆ ಬಾ ಕಣ್ಲಾ ಬೀರ. ಬೇರೆಯೋರ ಬಾಗ್ಲು ತಟ್ಟಿದ್ರೆ ನನ್ನ ಮೇಲಾಣೆ."

ಗೌಡರ ರಂಗಸ್ವಾಮಿ ಈ ಮಾತು ಹೇಳಿದ್ದು ಚನ್ನರಾಯಪಟ್ಟಣದ ಒಂದು ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ. ಇಪ್ಪತ್ತೈದು ವರ್ಷದ ಮೇಲಾಯಿತು. ಹೇಳುವಾಗ ಗೌಡ ಕುರಿಯವನ ಎರಡೂ ಕೈ ಹಿಡಿದುಕೊಂಡಿದ್ದ. ಒಳಗೆ ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ಎರಡನೇ ಹೆರಿಗೆಯಲ್ಲಿ ರಕ್ತ ಸೋರಿ ಸೋರಿ ಸುಣ್ಣದಂತಾಗಿದ್ದಳು. ಅವಳದು ಓ ನೆಗೆಟಿವ್. ಸುಲಭಕ್ಕೆ ಸಿಗುವ ಗುಂಪಲ್ಲ. ಗೌಡರ ಕೇರಿಯ ಗಂಡಸರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೋಗಿ ಬೆರಳು ಚುಚ್ಚಿಸಿದ್ದರು. ಒಬ್ಬನದೂ ಹೊಂದಲಿಲ್ಲ. ಕೊನೆಗೆ ಕೆರೆಯ ಹಿಂದೆ ಕುರಿ ಮೇಯಿಸುತ್ತಿದ್ದ ದೊಡ್ಡಬೀರಯ್ಯನನ್ನು ಕೈಯ ಕೋಲಿನ ಸಮೇತ ಜೀಪಿಗೆ ಹತ್ತಿಸಿದರು. ಅವನದು ಹೊಂದಿತು. ಮಂಚಕ್ಕೆ ಮಲಗಿಸುವ ಮುಂಚೆ ನರ್ಸು ಅವನ ಕಾಲನ್ನು ಎರಡು ಸಲ ತೊಳೆಸಿದಳು. ರಕ್ತವನ್ನು ಮಾತ್ರ ಹಾಗೇ ತೆಗೆದುಕೊಂಡಳು.

ಚಿಕ್ಕಲಕ್ಷ್ಮಮ್ಮ ಉಳಿದಳು. ಹುಟ್ಟಿದ ಹೆಣ್ಣುಕೂಸು ಸಿಂಧುವೂ ಉಳಿಯಿತು. ಅವತ್ತು ಗೌಡ ತಾನೇ ಹೋಟೆಲಿಗೆ ಹೋಗಿ ಕುರಿಯವನಿಗೆ ಇಡ್ಲಿ ಕಟ್ಟಿಸಿಕೊಂಡು ಬಂದ. ಊರಿಗೆ ಬಂದ ಮೇಲೆ ಕೂರುವ ಜಾಗ ಬದಲಾಗಲಿಲ್ಲ. ಗೌಡರ ಜಗುಲಿಯ ಕೆಳಗೆ, ಚಪ್ಪಲಿ ಬಿಡುವ ಕಲ್ಲಿನ ಪಕ್ಕ. ಹೊಸದಾಗಿ ಸೇರಿಕೊಂಡದ್ದು ಒಂದು ತಮಾಷೆ ಮಾತ್ರ.

"ನಿಮ್ಮವ್ವನ ಮೈಯಾಗೆ ಕುರಿ ಕಾಯೋನ ರಕ್ತ ಐತೆ. ಅದ್ಕೇ ನಾಕು ಜನ ಎಂಗಸ್ರು ಎದ್ರೆ ಕುರಿಯಂಗೆ ಹಿಂದೇನೇ ಎದ್ದು ಓಯ್ತಾಳೆ," ಎಂದು ರಂಗಸ್ವಾಮಿ ಬಂದವರ ಮುಂದೆಲ್ಲ ಮಕ್ಕಳಿಗೆ ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ದೊಡ್ಡಬೀರಯ್ಯನೂ ನಗುತ್ತಿದ್ದ.

ಆಮೇಲೆ ಅವನು ಅಕ್ಕನ ಮಗಳು ವಿಜಯಮ್ಮನನ್ನು ಮದುವೆಯಾದ. ತುಂಬಾ ವರ್ಷಕ್ಕೆ ಒಂದು ಹೆಣ್ಣಾಯಿತು. ವರ್ಷಾ. ಹಾಲು ಬಿಡುವ ಮೊದಲೇ ಕೂಸು ಬಿಳಿಚಿಕೊಂಡು, ಹೊಟ್ಟೆ ಉಬ್ಬಿಕೊಂಡು, ಅಳಲೂ ಶಕ್ತಿಯಿಲ್ಲದೆ ಬಿದ್ದುಕೊಳ್ಳುತ್ತಿತ್ತು. ಹಾಸನದ ಡಾಕ್ಟರು ಪರೀಕ್ಷೆ ಮಾಡಿಸಿ ತಲಸೇಮಿಯಾ ಎಂದರು. ಮೈಯಲ್ಲಿ ರಕ್ತ ಊರುವುದಿಲ್ಲ, ಊರಿದ್ದು ನಿಲ್ಲುವುದಿಲ್ಲ, ಬದುಕಿರುವವರೆಗೂ ಬೇರೆಯವರ ರಕ್ತ ಹಾಕಿಸುತ್ತಿರಬೇಕು ಎಂದು ಬಿಡಿಸಿ ಹೇಳಿದರು.

"ಹತ್ತಿರದ ಸಂಬಂಧನಾ?"

"ಅಕ್ಕನ ಮಗಳು ಸಾ."

"ನಿಮ್ಮಿಬ್ಬರಲ್ಲೂ ಅರ್ಧರ್ಧ ಇದೆ. ಮಗುವಿಗೆ ಪೂರ್ತಿ ಬಂದಿದೆ."

ಮಗಳದೂ ಓ ನೆಗೆಟಿವ್. ದೊಡ್ಡಬೀರಯ್ಯ ಅಂಗಿ ತೋಳು ಮಡಚಿದ. ಅವನ ರಕ್ತ ನೋಡಿದ ಡಾಕ್ಟರು ತಲೆಯಾಡಿಸಿದರು. ಅವನಲ್ಲೇ ಕಡಿಮೆ ಇತ್ತು, ತೆಗೆಯುವಂತಿರಲಿಲ್ಲ. ಗೌಡನ ಹೆಂಡತಿಗೆ ಆದ ರಕ್ತ ತನ್ನ ಮಗಳಿಗೆ ಆಗಲಿಲ್ಲ.

ಅವನು ಆ ಬಾಗಿಲಿಗೆ ಹೋದ.

ಕೊಡಲಿಲ್ಲ ಎನ್ನುವಂತಿಲ್ಲ. ಗೌಡನ ಮಗ ರವೀಂದ್ರನದೂ ತಾಯಿಯ ಗುಂಪೇ. ಮೊದಲ ಸಲ ಅವನು ಕಾರಿನಲ್ಲಿ ಹಾಸನಕ್ಕೆ ಬಂದು ಕೊಟ್ಟ. ಎರಡನೇ ಸಲವೂ ಬಂದ. ಊರಿಗೆ ಹಿಂದಿರುಗಿದವನು ತೋಳಿನ ಪಟ್ಟಿ ಕಾಣುವಂತೆ ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದ. ಒಬ್ಬರು ಒಂದು ಸಲ ಕೊಟ್ಟರೆ ಮೂರು ತಿಂಗಳು ಮತ್ತೆ ಕೊಡಬಾರದು. ವರ್ಷಾಳಿಗೆ ಮೂರು ವಾರಕ್ಕೊಮ್ಮೆ ಬೇಕು. ನಡುವಿನದನ್ನು ಆಸ್ಪತ್ರೆಯ ಸಿಸ್ಟರ್ ಕಮಲಾಕ್ಷಮ್ಮ ಅಲ್ಲಿ ಇಲ್ಲಿ ಫೋನು ಮಾಡಿ ಹೊಂದಿಸುತ್ತಿದ್ದಳು. ಅವಳ ಕೈಯಲ್ಲೂ ಆಗದ ತಿಂಗಳು ಕೂಸು ತಮ್ಮ ಮನೆ ಜಗುಲಿಯ ಕಂಬಕ್ಕೆ ಒರಗಿಕೊಂಡೇ ಇರುತ್ತಿತ್ತು.

ರಾಗಿ ಕುಯ್ದ ಹೊಲದಲ್ಲಿ ಕುರಿ ತಂಗಿಸಿದರೆ ಹಿಕ್ಕೆ ಗಂಜಲ ಬಿದ್ದು ನೆಲ ಹದವಾಗುತ್ತದೆ. ಅದಕ್ಕೆ ಹೊಲದವರು ಕುರಿಯವನಿಗೆ ರಾಗಿ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಆ ವರ್ಷದಿಂದ ದೊಡ್ಡಬೀರಯ್ಯನ ಮಂದೆ ಮೊದಲು ತಂಗುವುದು ರಂಗಸ್ವಾಮಿಯ ಹೊಲದಲ್ಲಿ ಎಂದಾಯಿತು. ರಾಗಿ ಇಲ್ಲ. ವಿಜಯಮ್ಮ ಹೊತ್ತು ಹುಟ್ಟುವ ಮುಂಚೆ ಹೋಗಿ ಅವರ ಕೊಟ್ಟಿಗೆ ಬಾಚಿ, ಗಂಜಲ ಎತ್ತಿ, ಸಗಣಿಯ ಮಕ್ಕರಿ ಹೊತ್ತು ಬರುತ್ತಿದ್ದಳು. ಕೂಲಿ ಇಲ್ಲ. ಆ ಮನೆಯವರು ಬಾಯಿಬಿಟ್ಟು ಕೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಹೀಗೆ ಮಗಳಿಗೆ ಒಂಬತ್ತು ತುಂಬಿತು. ರವೀಂದ್ರನಿಗೆ ಹೆಣ್ಣು ನೋಡಲು ಶುರುಮಾಡಿದರು. ಒಂದು ದಿನ ದೊಡ್ಡಬೀರಯ್ಯ ಕಲ್ಲಿನ ಪಕ್ಕ ಕೂತು ಎಂದಿನ ಹಾಗೆ ಕೆಮ್ಮಿದ. ಚಿಕ್ಕಲಕ್ಷ್ಮಮ್ಮ ಹೊರಗೆ ಬರಲಿಲ್ಲ. ಬಾಗಿಲ ಹಿಂದಿನಿಂದಲೇ ಮಾತಾಡಿದಳು.

"ಎಣ್ಣಿನ ಕಡೆಯೋರು ಕೇಳ್ತಾರೆ ಕಣಪ್ಪ. ಹುಡ್ಗ ಯಾಕೆ ಪದೇ ಪದೇ ಆಸ್ಪತ್ರೆಗೆ ಓಯ್ತಾನೆ, ಏನ್ ಕಾಯ್ಲೆ ಅಂತ. ನಾವೇನಂತ ಯೋಳಾದು?"

"ಇದೊಂದ್ ಸತಿ ಅವ್ವಾರೆ. ಸಿಸ್ಟರ್‌ಗೂ ಸಿಕ್ಕಿಲ್ವಂತೆ. ಕೂಸು ಎದ್ ಕೂರಾದಿಲ್ಲ."

"ಎಲ್ಲಾ ಸತಿನೂ ಇದೊಂದ್ ಸತೀನೇ ಅಂತೀಯ."

ಜಗುಲಿಯ ಮೇಲೆ ಫೋನು ನೋಡುತ್ತಿದ್ದ ರವೀಂದ್ರ ತಲೆಯೆತ್ತಿ ನಕ್ಕ. "ಲೇ ಬೀರಯ್ಯ, ರಕ್ತನ ಹಟ್ಟೀಲಿ ಕಟ್ಟಾಕ್ಕೊಂಡು ಊರೋರ ರಕ್ತ ಕೇಳ್ತೀಯಲ್ಲೋ."

ದೊಡ್ಡಬೀರಯ್ಯನಿಗೆ ಅರ್ಥವಾಗಲಿಲ್ಲ.

"ಮೇಕೆ ಕಣಯ್ಯ, ಮೇಕೆ. ಬಾ, ಪಂಡಿತ್ರ ಹತ್ರ ಮಾತಾಡಿಸ್ತೀನಿ."

ಹಿರೀಸಾವೆ ಹತ್ತಿರ, ಹೆದ್ದಾರಿ ಪಕ್ಕದಲ್ಲಿ ಗೌಡರದೊಂದು ಕೊಬ್ಬರಿ ಗೋದಾಮಿತ್ತು. ಅದಕ್ಕೆ ಸುಣ್ಣ ಬಳಿಸಿ, ಒಳಗೆ ಎರಡು ಮಂಚ ಹಾಕಿ, ಪರಮಶಿವಯ್ಯ ಎನ್ನುವವನು ಚಿಕಿತ್ಸಾ ಕೇಂದ್ರ ತೆರೆದಿದ್ದ. ಜಾಗ, ಬಂಡವಾಳ ರವೀಂದ್ರನದು. ಪರಮಶಿವಯ್ಯ ಹಿಂದೆ ಎಲ್ಲೋ ಕಾಂಪೌಂಡರ್ ಆಗಿದ್ದವನು, ಈಗ ಪಂಡಿತ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಒಳಗೆ ಹಳೇ ಕೊಬ್ಬರಿಯ ಕಮಟು ಹೋಗಿರಲಿಲ್ಲ.

"ಮನುಷ್ಯರ ರಕ್ತಕ್ಕೆ ಗುಂಪು ಐತೆ, ನೆಗೆಟಿವ್ ಪಾಸಿಟಿವ್ ಐತೆ," ಎಂದ ಪರಮಶಿವಯ್ಯ. "ಮೇಕೆ ರಕ್ತಕ್ಕೆ ಅದ್ಯಾವುದೂ ಇಲ್ಲ. ಔಷಧಿ ಬೆರೆಸಿ, ಸೋಸಿ, ನರಕ್ಕೆ ಕೊಡ್ತೀನಿ. ಆರು ಸತಿ. ಆಮೇಲೆ ಜೀವಮಾನ ಇಡೀ ನೀನು ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ."

ಆ ಕೊನೆಯ ಮಾತು ದೊಡ್ಡಬೀರಯ್ಯನ ಎದೆಗೆ ತಣ್ಣಗೆ ಇಳಿಯಿತು. ಔಷಧಿ ಯಾವುದು, ಎಲ್ಲಿ ಕಲಿತೆ, ಯಾರಿಗೆ ವಾಸಿಯಾಗಿದೆ, ಒಂದನ್ನೂ ಅವನು ಕೇಳಲಿಲ್ಲ. ಸಂತೆಯಲ್ಲಿ ಒಂದು ಟಗರು ಕೊಳ್ಳುವಾಗಲೂ ಬಾಯಿ ಬಿಡಿಸಿ ಹಲ್ಲು ನೋಡುವವನು ಅವನು.

ಮನೆಗೆ ಬಂದು ಹೇಳಿದಾಗ ವಿಜಯಮ್ಮ ಹಿಟ್ಟು ತಿರುವುತ್ತಿದ್ದವಳು ಕೋಲು ಬಿಟ್ಟು ಎದ್ದಳು.

"ಮೇಕೆ ರಕ್ತವಾ? ನಿಂಗೆ ಬುದ್ಧಿ ನೆಟ್ಟಗೈತಾ ಮಾವ?"

"ಕೇಳಿಲ್ಲಿ. ತಬ್ಬಲಿ ಮರೀನ ನಾವೆಂಗೆ ಕೂಡಿಸ್ತೀವಿ?"

ಕುರಿ ಹಟ್ಟಿಯಲ್ಲಿ ಹುಟ್ಟಿದ ಅವಳಿಗೆ ಅದು ಗೊತ್ತಿಲ್ಲದ್ದಲ್ಲ. ಒಂದು ಕುರಿಯ ಮರಿ ಸತ್ತಿರುತ್ತದೆ. ಇನ್ನೊಂದು ಮರಿಯ ತಾಯಿ ಸತ್ತಿರುತ್ತದೆ. ಮರಿ ಸತ್ತ ಕುರಿ ತಬ್ಬಲಿಯನ್ನು ಮೂಸಿ ನೋಡಿ, ತನ್ನದಲ್ಲ ಎಂದು ಒದೆಯುತ್ತದೆ. ಆಗ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಯ ಬೆನ್ನಿಗೆ ಹೊದಿಸಿ ಕಟ್ಟುತ್ತಾರೆ. ಕುರಿಗೆ ತನ್ನ ಮರಿಯ ವಾಸನೆ ಬರುತ್ತದೆ. ಮೊದಲ ದಿನ ಒದೆಯುತ್ತದೆ, ಕಾಲು ಕಟ್ಟಿ ಹಾಲು ಕುಡಿಸಬೇಕು. ನಾಲ್ಕು ದಿನ ಕಳೆದರೆ ಒದೆಯುವುದಿಲ್ಲ. ಚರ್ಮ ಬಿಚ್ಚಿದರೂ ಬಿಟ್ಟುಕೊಡುವುದಿಲ್ಲ. ದೊಡ್ಡಬೀರಯ್ಯ ಹಾಗೆ ಕೂಡಿಸಿದ ಮರಿಗಳು ಬೆಳೆದು ತಾವೇ ಮರಿ ಹಾಕಿದ್ದವು.

"ಮೈಗೂ ಅಂಗೇ ಕಣೆ. ವಾಸನೆ ಹೊಂದಿದ್ರೆ ತನ್ದು ಅಂತ ಇಟ್ಕೊಂತದೆ. ನಮ್ಮ ಕರೀ ಮೇಕೆ ಹಾಲೇ ಕುಡಿಸಾನ, ಅದ್ರ ಪಕ್ಕಾನೇ ಮಲಗಿಸಾನ. ಮೈ ಗುರ್ತು ಹಿಡೀತದೆ."

"ಕುರಿ ಮರೀಗೆ ಕುರಿ ಚರ್ಮ ಹೊದಿಸ್ತೀಯ. ಮೇಕೆದಾ ಹೊದಿಸ್ತೀಯ?"

ಅವನು ಗಂಟಲು ಏರಿಸಿದ.

"ಹಂಗಾದ್ರೆ ನೀನೇ ಓಗಿ ಬೇಡು! ಒಂಬತ್ತು ವರ್ಷದಿಂದ ಆ ಕಲ್ಲಿನ ಪಕ್ಕ ಕೂತು ಕೂತು ನನ್ನ ಕುಂಡಿ ಸವೆದೈತೆ. ಅವನ ಮೆಟ್ಟು ನೋಡ್ಕೊಂಡು ಮಾತಾಡಬೇಕು. ನಂಗಾಗಾದಿಲ್ಲ!"

ವಿಜಯಮ್ಮ ಅವನ ಮುಖ ನೋಡಿದಳು. ಕರೀ ಮೇಕೆಯ ಹಾಲು ಕಾಯಿಸಿ ಮಗಳಿಗೆ ಕೊಟ್ಟಳು. ಆ ವಾರವೆಲ್ಲ ವರ್ಷಾ ಮೇಕೆಯ ಪಕ್ಕ ಕಂಬಳಿ ಹಾಸಿಕೊಂಡು ಮಲಗಿದಳು. ಮೇಕೆಗೆ ಒಂದು ಹೆಸರಿಟ್ಟಳು. ಅವಳಿಗೆ ಅದು ಆಟವಾಗಿತ್ತು.

ಸೋಮವಾರ ಬೆಳಿಗ್ಗೆ ಮೇಕೆಯನ್ನೂ ಮಗಳನ್ನೂ ವಿಜಯಮ್ಮನ ತಮ್ಮ ಮಂಜೇಶನ ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋದರು. ದೊಡ್ಡಬೀರಯ್ಯ ಮೇಕೆಯ ಮೂತಿ ಹಿಡಿದು, ಮೊಣಕಾಲಿನಲ್ಲಿ ಅದರ ಪಕ್ಕೆ ಒತ್ತಿ ನಿಲ್ಲಿಸಿದ. ಪರಮಶಿವಯ್ಯ ಕತ್ತಿನ ಕೂದಲು ಬೋಳಿಸಿ ಸೂಜಿ ಚುಚ್ಚಿದ. ಮೇಕೆ ಒಂದು ಸಲ ಅರಚಿತು. ಒಳಗೆ ಹೋಗಿ ಏನೇನೋ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಒಂದು ಸಣ್ಣ ಸಿರಿಂಜಿನಲ್ಲಿ ತುಂಬಿಕೊಂಡು ಬಂದ. ಹಾಸನದಲ್ಲಿ ಬಾಟಲಿ ನೋಡಿದ್ದ ವರ್ಷಾ, "ಇಷ್ಟೇನಾ?" ಎಂದು ಖುಷಿಪಟ್ಟಳು.

ಸೂಜಿ ತೆಗೆದು ಇನ್ನೂ ಹತ್ತಿ ಒತ್ತಿರಲಿಲ್ಲ, ಅವಳ ಹಲ್ಲು ಕಟಕಟ ಎಂದವು. ಸೊಂಟ ಹಿಡಿದುಕೊಂಡು ಬಿಲ್ಲಿನ ಹಾಗೆ ಬಾಗಿದಳು. ಕಾಲು ಒದೆಯತೊಡಗಿದಳು.

"ಕಾಲು ಹಿಡ್ಕೊಳಯ್ಯ," ಎಂದ ಪರಮಶಿವಯ್ಯ. "ಮೈ ಒಪ್ಪಿಕೊಳ್ತಾ ಐತೆ."

ಅಪ್ಪ ಕಾಲು ಹಿಡಿದ. ಅವಳ ಕಾಲು ಮರಿಯ ಕಾಲಿನಷ್ಟೇ ತೆಳ್ಳಗಿತ್ತು. ಒಂದು ಕೈಯಲ್ಲಿ ಎರಡೂ ಹಿಡಿದವು. ಅವನು ಮನಸ್ಸಿನಲ್ಲಿ ಒಂದೇ ಮಾತು ಹೇಳಿಕೊಳ್ಳುತ್ತಿದ್ದ. ಮೊದಲ ದಿನ ಒದೀತದೆ. ಮೊದಲ ದಿನ ಒದೀತದೆ.

"ಅಪ್ಪಾ ಬಿಡು. ಬಿಡಪ್ಪಾ."

ಬಿಡಲಿಲ್ಲ.

ಮನೆಗೆ ಬಂದ ಮೇಲೆ ಮೈ ಕಾದ ಹೆಂಚಾಯಿತು. ಮಗಳು ಉಚ್ಚೆ ಹೊಯ್ದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ವಿಜಯಮ್ಮ ಅವನನ್ನು ಕರೆದು ತೋರಿಸಿದಳು. ಅವನು ನೀರು ಹೊಯ್ದು ಸಾರಿಸಿಬಿಟ್ಟ. ಪಂಡಿತನಿಗೆ ಫೋನು ಮಾಡಿದರೆ, "ಕೆಟ್ಟ ರಕ್ತ ಹೋಗ್ತಾ ಐತೆ, ಒಳ್ಳೇದೇ," ಎಂದ. ಎರಡು ದಿನಕ್ಕೆ ಜ್ವರ ಬಿಟ್ಟಿತು. ವರ್ಷಾ ಎದ್ದು ಕೂತು ಅನ್ನ ಸಾರು ಕೇಳಿದಳು. ಕೆನ್ನೆಯಲ್ಲಿ ಜ್ವರದ ಕೆಂಪು ಉಳಿದಿತ್ತು. ದೊಡ್ಡಬೀರಯ್ಯ ಅದನ್ನು ರಕ್ತವೆಂದು ಓದಿಕೊಂಡ.

ಅದೇ ವಾರ ಕಮಲಾಕ್ಷಮ್ಮನ ಫೋನು ಬಂತು.

"ಬೀರಯ್ಯ, ಓ ನೆಗೆಟಿವ್ ಒಂದು ಬಾಟಲಿ ಸಿಕ್ಕಿದೆ. ವರ್ಷಾಗೆ ಅಂತ ಎತ್ತಿಡಿಸಿದ್ದೀನಿ. ನಾಳೆ ಕರ್ಕೊಂಡು ಬಾ."

"ಬ್ಯಾಡಿ ಸಿಸ್ಟರ್. ಬೇರೆ ಕಡೆ ತೋರಿಸ್ತಾ ಇದೀವಿ."

"ಬೇರೆ ಕಡೆ ಅಂದ್ರೆ? ಎಲ್ಲಿ? ಏನು ಕೊಡ್ತಾ ಇದಾರೆ?"

"ನಮ್ಮನೇಲೇ ಐತೆ ಬಿಡಿ ಸಿಸ್ಟರ್," ಎಂದ. ಅಂಥ ಮಾತು ಆಡಿ ಅವನಿಗೆ ಎಷ್ಟೋ ವರ್ಷವಾಗಿತ್ತು. ಬೇಡ ಎನ್ನುವ ಮಾತು. ಬಾಯಿಗೆ ಬೆಲ್ಲದ ಹಾಗಿತ್ತು. ಅವನು ಫೋನು ಇಟ್ಟು ಮೀಸೆ ತೀಡಿಕೊಂಡ.

ಅಷ್ಟಕ್ಕೇ ಬಿಡಲಿಲ್ಲ. ಅರಕಲಗೂಡಿನ ಕಡೆಯ ಮುದ್ದಮ್ಮನಿಗೆ ತಾನೇ ಫೋನು ಮಾಡಿದ. ಹಾಸನದ ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳು. ಗಂಡ ಇಲ್ಲ, ಶುಂಠಿ ಹೊಲದಲ್ಲಿ ಕೂಲಿ. ಅವಳ ಮಗಳು ಯಮುನಾಳಿಗೂ ಇದೇ ಕಾಯಿಲೆ. ಆದರೆ ಗುಂಪು ಬಿ ಪಾಸಿಟಿವ್, ರಕ್ತಕ್ಕೆ ತಾಪತ್ರಯವಿರಲಿಲ್ಲ. ತಾಪತ್ರಯವೆಲ್ಲ ಮೂರು ವಾರಕ್ಕೊಮ್ಮೆ ಕೂಲಿ ಬಿಟ್ಟು ಬಸ್ಸು ಹತ್ತುವುದು.

"ಆರು ಸತಿ ಸಾಕಂತೆ ಕಣವ್ವ. ನಮ್ಮ ಮಗೀಗೆ ಬಣ್ಣ ಬಂದೈತೆ."

"ನಿಜವಾ ಅಣ್ಣ?"

"ನನ್ನ ಕಣ್ಣಾರೆ ನೋಡ್ತಾ ಇವ್ನಿ."

ಬಣ್ಣ ಇಳಿದದ್ದನ್ನು ಅವನು ಅವಳಿಗೆ ಹೇಳಲಿಲ್ಲ. ವಾರ ಕಳೆಯುವುದರೊಳಗೆ ವರ್ಷಾಳ ತುಟಿ ಕಾಗದದಂತಾಯಿತು. ಹೊಸಿಲು ದಾಟಿದರೆ ಏದುಸಿರು. ಕತ್ತಿನ ಹತ್ತಿರ ನಾಡಿ ಕುಣಿಯುವುದು ಕಣ್ಣಿಗೇ ಕಾಣುತ್ತಿತ್ತು. ಹಾಸನಕ್ಕೆ ಹೋಗೋಣ ಎಂದು ವಿಜಯಮ್ಮ ಕೈಮುಗಿದಳು. ಬೇಡವೆಂದ ಬಾಟಲಿಯನ್ನು ಈಗ ಯಾವ ಮುಖ ಹೊತ್ತು ಕೇಳುವುದು? ಎರಡನೇ ಸತಿ ಹಾಕಿಸಿದರೆ ನಿಲ್ಲುತ್ತದೆ ಎಂದ. ಕುರಿಯೂ ಒಂದೇ ದಿನಕ್ಕೆ ಒಪ್ಪುವುದಿಲ್ಲ ಎಂದ. ಅವನಿಗೇ ನಂಬಿಕೆ ಹೋಗಿತ್ತು. ಆದರೂ ಅಂದ.

ಎರಡನೇ ಸಲಕ್ಕೆ ರವೀಂದ್ರ ಊಟದ ಏರ್ಪಾಡು ಮಾಡಿದ್ದ. ಕೇಂದ್ರದ ಮುಂದೆ ಶಾಮಿಯಾನ, ಮೂವತ್ತು ನಲವತ್ತು ಕುರ್ಚಿ. ಮುಂದಿನ ಸಾಲಿನಲ್ಲಿ ರಂಗಸ್ವಾಮಿ, ಚಿಕ್ಕಲಕ್ಷ್ಮಮ್ಮ, ಪಟ್ಟಣದಿಂದ ಬಂದಿದ್ದ ಮಗಳು ಸಿಂಧು. ವಿಡಿಯೋ ತೆಗೆಯಲು ಕೋಲಿಗೆ ಒಂದು ಫೋನು ಸಿಕ್ಕಿಸಿ ನಿಲ್ಲಿಸಿದ್ದರು. ವರ್ಷಾಳಿಗೆ ಹೊಸ ಲಂಗ ಹಾಕಿಸಿ, ಕೆನ್ನೆಗೆ ಏನೋ ಕೆಂಪು ಬಳಿದು, ಕರೀ ಮೇಕೆಯ ಪಕ್ಕ ಕೂರಿಸಿದರು. ವಿಜಯಮ್ಮ ಆಟೋ ಬಿಟ್ಟು ಇಳಿದಿರಲಿಲ್ಲ. ಮಂಜೇಶ ಎಷ್ಟು ಕರೆದರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

"ಹೇಳು ಪುಟ್ಟಿ," ಎಂದ ರವೀಂದ್ರ. "ಮೇಕೆ ರಕ್ತ ಹಾಕಿಸಿಕೊಂಡ ಮೇಲೆ ಹೇಗಿದ್ದೀಯ?"

ವರ್ಷಾ ಅಪ್ಪನ ಮುಖ ನೋಡಿದಳು. ದಾರಿಯಲ್ಲಿ ಅವನೇ ಹೇಳಿಕೊಟ್ಟಿದ್ದ.

"ಚೆನ್ನಾಗಿದ್ದೀನಿ. ಆಟ ಆಡ್ತೀನಿ. ಸ್ಕೂಲಿಗೆ ಓಯ್ತೀನಿ." ಮೂರು ಮಾತು ಮುಗಿಸುವಷ್ಟರಲ್ಲಿ ಮೂರು ಸಲ ಉಸಿರು ತೆಗೆದುಕೊಂಡಳು. ಜನ ಚಪ್ಪಾಳೆ ತಟ್ಟಿದರು.

"ಇವತ್ತು ಇನ್ನೊಂದು ಮಗು ಬಂದಿದೆ, ಅರಕಲಗೂಡಿನಿಂದ," ಎಂದು ರವೀಂದ್ರ ಕೂಗಿದ. "ಮೊದಲು ಆ ಮಗುವಿಗೆ."

ಮುದ್ದಮ್ಮ ಮಗಳನ್ನು ಎತ್ತಿಕೊಂಡೇ ಬಂದಳು. ಯಮುನಾ ತಾಯಿಯ ಹೆಗಲಿಗೆ ಜೋತುಬಿದ್ದಿದ್ದಳು. ಮುದ್ದಮ್ಮನ ಕಣ್ಣು ದೊಡ್ಡಬೀರಯ್ಯನನ್ನು ಹುಡುಕಿ ಹಿಡಿಯಿತು.

"ನೀನು ಯೋಳ್ದೆ ಅಂತ ಈ ಸತಿ ರಕ್ತ ತಪ್ಪಿಸ್ದೆ ಕಣಣ್ಣ. ಮಗೀಗೆ ವಸಿ ಸುಸ್ತಾಗೈತೆ. ಆಯ್ತದಲ್ವಾ?"

ಪರಮಶಿವಯ್ಯ ಸಿರಿಂಜು ಎತ್ತಿ ಹಿಡಿದು ಬೆರಳಿಂದ ತಟ್ಟಿದ. "ಕಾಲು ಹಿಡ್ಕೊಳೋಕೆ ಒಬ್ಬರು ಬನ್ನಿ. ಬೀರಯ್ಯ, ನೀನೇ ಬಾ. ನಿಂಗೆ ಅಭ್ಯಾಸ ಐತೆ."

ದೊಡ್ಡಬೀರಯ್ಯ ಎದ್ದ. ಮಂಚದ ಹತ್ತಿರ ಹೋದ. ಯಮುನಾಳ ಕಾಲು ಮರಿಯ ಕಾಲಿನಷ್ಟೇ ಇತ್ತು. ಅವನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ನೋಡಿ ಅವನಿಗೇ ಹೇಸಿಗೆಯಾಯಿತು.

"ಬ್ಯಾಡ," ಎಂದ.

"ಏನಯ್ಯ?"

"ಬ್ಯಾಡ ಕಣವ್ವ ಮುದ್ದಮ್ಮ. ಎತ್ಕೋ ಮಗೀನ. ನಾನು ಸುಳ್ಳು ಯೋಳ್ದೆ. ಚುಚ್ಚಿದ್ ಗಳಿಗೇಲೇ ನಮ್ಮ ಕೂಸು ನಡುಗ್ತು. ಉಚ್ಚೆ ಡಿಕಾಕ್ಷನ್ ಆಯ್ತು. ಅವ್ಳ ಕೆನ್ನೆ ಮೇಲಿರದು ಬಣ್ಣ, ರಕ್ತ ಅಲ್ಲ. ಒರೆಸಿ ನೋಡು."

ಫೋನು ಹಿಡಿದವನು ಆಫ್ ಮಾಡುವುದೋ ಬೇಡವೋ ಎಂದು ರವೀಂದ್ರನ ಮುಖ ನೋಡಿದ. ರವೀಂದ್ರ ಬಂದು ದೊಡ್ಡಬೀರಯ್ಯನ ರೆಟ್ಟೆ ಹಿಡಿದು ಜಗ್ಗಿದ. "ಲೇ, ಕುಡ್ಕೊಂಡ್ ಬಂದಿದ್ದೀಯೇನಲೇ? ಜನ ಇದಾರೆ. ಸುಮ್ನೆ ಕೂತ್ಕೋ."

"ಕೂತಿದ್ದು ಸಾಕು ಚಿಕ್ಕೌಡ್ರೆ. ನಿಮ್ಮ ತೋಳು ಚಾಚಿ."

"ಏನು?"

"ನಿಮ್ಮದೂ ಓ ನೆಗೆಟಿವ್ವೇ. ನಿಮ್ಮವ್ವನ ಜೀವ ಉಳಿಸಿದ್ದು ನನ್ನ ರಕ್ತ. ನಿಮ್ಮ ತಂಗಿ ಅವ್ವನ ಮಡಿಲಾಗೆ ಬೆಳೆದದ್ದು ನನ್ನ ರಕ್ತದ ದೆಸೆಯಿಂದ. ನಾನು ಮೇಕೆ ತತ್ತೀನಿ ಅನ್ಲಿಲ್ಲ ಅವತ್ತು. ಚಾಚಿ ತೋಳು."

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ದೊಡ್ಡಬೀರಯ್ಯ ರಂಗಸ್ವಾಮಿಯ ಕುರ್ಚಿಯ ಮುಂದೆ ಹೋಗಿ ನಿಂತ. ಗೌಡನ ಮುಂದೆ ಅವನು ಹೀಗೆ ನೆಟ್ಟಗೆ ನಿಂತದ್ದು ಅದೇ ಮೊದಲು.

"ಗೌಡ್ರೆ, ನೀವು ಮೆಟ್ಲ ಮೇಲೆ ನಿಂತು ಯೋಳಿದ್ರಿ. ಬೇರೆಯೋರ ಬಾಗ್ಲು ತಟ್ಟಬ್ಯಾಡ ಅಂತ."

ರಂಗಸ್ವಾಮಿ ಟವೆಲಿನಿಂದ ಕತ್ತು ಒರೆಸಿಕೊಂಡ. "ಯಾವತ್ತೋ ಆಡಿದ್ ಮಾತು ಕಣ್ಲಾ. ಕೊಟ್ಟಿಲ್ವೇನೋ ನಾವು? ಎಷ್ಟ್ ಸತಿ ಕೊಟ್ಟಿದ್ದೀವಿ, ಲೆಕ್ಕ ಇಕ್ಕೊಂಡಿದ್ದೀಯಾ?"

"ಲೆಕ್ಕ ನೀವು ಇಕ್ಕೊಂಡ್ರಿ. ನನ್ನ ಮಂದೆ ನಿಮ್ಮ ಹೊಲ್ದಾಗೆ ತಂಗ್ತು. ನನ್ನೆಂಡ್ತಿ ನಿಮ್ಮ ಕೊಟ್ಟಿಗೆ ಬಾಚಿದ್ಲು. ಕೊಟ್ಟಿದ್ದು ರಕ್ತ ಅಲ್ಲ ಗೌಡ್ರೆ, ಮಾರಿದ್ದು. ನಾನು ಮಾರಿರ್ಲಿಲ್ಲ."

ಸಿಂಧು ಕುರ್ಚಿಯಿಂದ ಎದ್ದಳು. "ಅಪ್ಪಾ, ನಾನೇ ಹೋಗಿ ರಕ್ತ..." ಎಂದಳು. ಚಿಕ್ಕಲಕ್ಷ್ಮಮ್ಮ ಮಗಳ ಕೈ ಹಿಡಿದು ಎಳೆದಳು. ಸಿಂಧು ತಾಯಿಯ ಮುಖ ನೋಡಿದಳು. ಕೂತುಕೊಂಡಳು. ದೊಡ್ಡಬೀರಯ್ಯನ ಕಣ್ಣು ಆ ಎಳೆದ ಕೈಯ ಮೇಲೆಯೇ ಇತ್ತು. ಹಸಿರು ನರ ಎದ್ದು ಕಾಣುತ್ತಿತ್ತು.

ಆಟೋದಿಂದ ವಿಜಯಮ್ಮ ಇಳಿದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಮಗಳನ್ನು ಎತ್ತಿಕೊಂಡಳು. ಸೆರಗಿಗೆ ಎಂಜಲು ಹಚ್ಚಿ ಮಗಳ ಕೆನ್ನೆಯ ಕೆಂಪು ಒರೆಸಿದಳು. ಕೆಳಗಿನ ಚರ್ಮ ನೋಡಿ ಮುದ್ದಮ್ಮ ಬಾಯಿಗೆ ಕೈ ಇಟ್ಟುಕೊಂಡು ತನ್ನ ಮಗಳನ್ನು ಅವಚಿಕೊಂಡಳು. ಎರಡೂ ಕೂಸುಗಳನ್ನು ಒಂದೇ ಆಟೋದಲ್ಲಿ ಹಾಕಿಕೊಂಡು ಹಾಸನದ ಕಡೆ ಹೊರಟರು. ದಾರಿಯುದ್ದಕ್ಕೂ ಮುದ್ದಮ್ಮ ದೊಡ್ಡಬೀರಯ್ಯನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಯಮುನಾಳಿಗೆ ಕೂಡಲೇ ಬಾಟಲಿ ಹಾಕಿದರು. ವರ್ಷಾಳ ಕಣ್ಣಿನ ರೆಪ್ಪೆ ಎಳೆದು ನೋಡಿದ ಡಾಕ್ಟರು, "ಏನು ಕೊಟ್ಟಿರಿ ಇವಳಿಗೆ?" ಎಂದರು.

"ಮೇಕೆ ರಕ್ತ ಸಾ."

ಡಾಕ್ಟರು ಮತ್ತೊಮ್ಮೆ ಕೇಳಿದರು. ಅವನು ಮತ್ತೊಮ್ಮೆ ಹೇಳಿದ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು, ನೋಡಬೇಕು ಎಂದರು. ರಕ್ತ ಈಗಲೇ ಬೇಕು, ಎರಡು ಬಾಟಲಿ ಎಂದರು.

"ಅವತ್ತು ನಾನು ಎತ್ತಿಡಿಸಿದ್ದು..." ಎಂದಳು ಕಮಲಾಕ್ಷಮ್ಮ. "ನೀನು ಬೇಡ ಅಂದೆ. ಒಬ್ಬ ಬಾಣಂತಿಗೆ ಹೋಯ್ತು ಕಣಯ್ಯ."

ಅವನು ಗೋಡೆಗೆ ಮುಖ ಹಾಕಿ ನಿಂತ.

ಅವಳು ಫೋನು ಹಿಡಿದು ಕೂತಳು. ಹೊಳೆನರಸೀಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಸಿಕ್ಕಿದಳು. ಅಂಗಡಿಯವನ ಹತ್ತಿರ ಜಗಳವಾಡಿಕೊಂಡೇ ಬಸ್ಸು ಹತ್ತಿ ಬಂದಳು. ರಕ್ತ ಕೊಟ್ಟು, ಜ್ಯೂಸು ಕುಡಿದು, ತಡವಾಯಿತು ಎಂದು ಓಡಿದಳು. ದೊಡ್ಡಬೀರಯ್ಯ ಕಾಲಿಗೆ ಬೀಳಲು ಹೋದಾಗ, "ಏ ಸುಮ್ನಿರಣ್ಣ, ಬಸ್ಸು ತಪ್ಪೋಯ್ತದೆ," ಎಂದು ಅವನನ್ನು ಸುತ್ತಿಕೊಂಡು ಹೋದಳು. ಅವಳ ಜಾತಿ ಯಾವುದು, ಊರು ಯಾವುದು, ಅವನಿಗೆ ಗೊತ್ತಾಗಲಿಲ್ಲ.

ಆ ಬಾಟಲಿ ಮುಗಿಯುವ ಹೊತ್ತಿಗೆ ವರ್ಷಾ ಕಣ್ಣು ಬಿಟ್ಟಳು. ಅವ್ವ ಎಂದಳು. ಕಂಬಳಿ ಸರಿದಿತ್ತು. ಹೊದಿಸಲೆಂದು ದೊಡ್ಡಬೀರಯ್ಯ ಬಗ್ಗಿ ಕೈ ನೀಡಿದ. ಮಗಳು ಎರಡೂ ಕಾಲನ್ನು ಸರಕ್ಕನೆ ಮಡಚಿಕೊಂಡು ಹೊಟ್ಟೆಗೆ ಒತ್ತಿಕೊಂಡಳು.

ಅವನು ಕೈ ಹಿಂದೆ ತೆಗೆದುಕೊಂಡ. ವಿಜಯಮ್ಮ ಕಂಬಳಿ ಹೊದಿಸಿದಳು. ಮಗಳ ಕಾಲು ನಿಧಾನಕ್ಕೆ ಸಡಿಲವಾಯಿತು. ಅವನು ಮತ್ತೆ ಕೈ ನೀಡಲಿಲ್ಲ. ಮಂಚದ ಕೆಳಗೆ ಬಿದ್ದಿದ್ದ ಅವಳ ಚಪ್ಪಲಿ ಜೋಡಿಸಿಟ್ಟು ಹೊರಗೆ ಬಂದ.

"ಇನ್ನೊಂದು ಬಾಟಲಿ ಬೇಕೇ ಬೇಕು," ಎಂದಳು ಕಮಲಾಕ್ಷಮ್ಮ. "ನಿಮ್ಮೂರಿನ ಗೌಡ್ರ ನಂಬರ್ ನನ್ನ ಹತ್ರ ಇದೆ. ಮಾಡ್ಲಾ?"

ಅವನು ಮಾಡಿ ಎಂದ. ಅಷ್ಟು ಮಾತಾಡಿ ಬಂದ ಬಾಯಿ. ಆದರೂ ಮಾಡಿ ಎಂದ. ಮಾನ ನೋಡಿಕೊಂಡು ಮಗಳನ್ನು ಈ ಗತಿಗೆ ತಂದಿದ್ದ. ಈಗ ಮಾನವೂ ಬೇಡವಾಗಿತ್ತು.

ಫೋನು ಎತ್ತಿದ್ದು ರಂಗಸ್ವಾಮಿ. ಕಮಲಾಕ್ಷಮ್ಮ ಎಲ್ಲ ಹೇಳಿದಳು. ಆ ಕಡೆ ಹಿಂದೆ ಯಾರೋ ಹೆಂಗಸಿನ ದನಿ ಏನೋ ಕೇಳಿತು. ಆಮೇಲೆ, "ಆಯ್ತು ಸಿಸ್ಟರ್, ಕಳಿಸ್ತೀವಿ," ಎಂದ.

ದೊಡ್ಡಬೀರಯ್ಯ ಆಸ್ಪತ್ರೆಯ ಗೇಟಿಗೆ ಹೋಗಿ ನಿಂತ. ಬಿಳೀ ಕಾರು ಬಂದಾಗಲೆಲ್ಲ ಎರಡು ಹೆಜ್ಜೆ ಮುಂದೆ ಹೋದ. ಯಾವ ಕಾರಿನಿಂದಲೂ ಗುರುತಿನವರು ಇಳಿಯಲಿಲ್ಲ. ಬಿಸಿಲು ಇಳಿಯಿತು. ಎಳನೀರಿನವನು ಗಾಡಿ ಮುಚ್ಚಿಕೊಂಡು ಹೋದ. ಕಮಲಾಕ್ಷಮ್ಮ ಮತ್ತೆ ಫೋನು ಮಾಡಿದಳು. ಸ್ವಿಚ್ ಆಫ್ ಆಗಿತ್ತು.

ಎರಡನೇ ಬಾಟಲಿ ಮಾರನೇ ದಿನ ಮೈಸೂರಿನಿಂದ ಬಂತು. ವರ್ಷಾಳಿಗೆ ಹಾಕಿದರು.

ರಂಗಸ್ವಾಮಿಯ ಮನೆಯಿಂದ ಯಾರೂ ಬರಲಿಲ್ಲ. ಅವನು ಕೊಟ್ಟ ಮಾತು ನಡೆಯಲಿಲ್ಲ.